ಬಿರುಕುಶಿಲಾ ಸಂಗ್ರಹಗಳ ಗಣಕ ಮಾದರಿ

ನೆಲದಡಿಯ ಬಂಡೆಗಳಲ್ಲಿ ನೀರು, ತೈಲ ಅಥವಾ ಅನಿಲವು ಎಲ್ಲಿ ನಿಲ್ಲುತ್ತದೆ, ಯಾವ ದಾರಿಯಲ್ಲಿ ಹರಿಯುತ್ತದೆ ಎಂಬುದನ್ನು ಗಣಿತದ ಸಮೀಕರಣಗಳ ಮೂಲಕ ಕಂಪ್ಯೂಟರಿನಲ್ಲಿ ಅನುಕರಿಸುವ ವಿಧಾನವೇ ಬಿರುಕುಶಿಲಾ ಸಂಗ್ರಹಗಳ ಗಣಕ ಮಾದರಿ. ತೈಲೋತ್ಪಾದನೆ, ಅಂತರ್ಜಲ ನಿರ್ವಹಣೆ ಮತ್ತು ಭೂಗತ ಸಂಗ್ರಹಾಗಾರಗಳ ವಿನ್ಯಾಸದಲ್ಲಿ ಇದು ಬಳಕೆಯಲ್ಲಿದೆ.

ಶಿಲೆಯ ಸ್ವರೂಪ

ಮರಳುಗಲ್ಲಿನಲ್ಲಿ ದ್ರವವು ಕಣಗಳ ನಡುವಿನ ರಂಧ್ರಗಳಲ್ಲಿ ನೆಲೆಸುತ್ತದೆ. ಕರ್ನಾಟಕದ ಬಹುಭಾಗದಲ್ಲಿರುವ ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿ ಅಂತಹ ರಂಧ್ರಗಳು ಅತ್ಯಲ್ಪ. ನೀರು ಇರುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಅದರ ಕೆಳಗಿನ ಬಿರುಕುಗಳಲ್ಲಿ. ಭಟ್ಕಳ, ಹೊನ್ನಾವರ, ಕುಮಟಾ ಸೇರಿದಂತೆ ಕರಾವಳಿಯ ಹಲವೆಡೆ ಗಟ್ಟಿ ಶಿಲೆಯ ಮೇಲೆ ಜಂಬಿಟ್ಟಿಗೆಯ ಪದರವೂ ಇದೆ. ಒಂದು ಕೊಳವೆಬಾವಿಯಲ್ಲಿ ನೀರು ದೊರೆತು, ಪಕ್ಕದ್ದು ಬತ್ತಿರಲು ಬಿರುಕುಗಳ ಈ ಅಸಮ ಹಂಚಿಕೆಯೇ ಮುಖ್ಯ ಕಾರಣ.

ಬಿರುಕಿನಲ್ಲಿ ಹರಿಯುವ ದ್ರವದ ಪ್ರಮಾಣವು ಅದರ ಅಗಲದ ಘನಕ್ಕೆ ಅನುಪಾತದಲ್ಲಿರುತ್ತದೆ. ಅಗಲ ಎರಡು ಪಟ್ಟಾದರೆ ಹರಿವು ಎಂಟು ಪಟ್ಟಾಗುತ್ತದೆ. ಆದ್ದರಿಂದ ಅಳತೆಯಲ್ಲಿನ ಸಣ್ಣ ದೋಷವೂ ಫಲಿತಾಂಶವನ್ನು ಬಹಳವಾಗಿ ಬದಲಿಸಬಲ್ಲದು.

ಮುಖ್ಯ ವಿಧಾನಗಳು

ಸಮಾನ ಮಾಧ್ಯಮ ಮಾದರಿ: ಬಿರುಕುಳ್ಳ ಬಂಡೆಯನ್ನು ಏಕರೂಪದ ರಂಧ್ರಯುಕ್ತ ವಸ್ತುವೆಂದು ಭಾವಿಸಿ, ಹೆನ್ರಿ ಡಾರ್ಸಿ 1856ರಲ್ಲಿ ಪ್ರಕಟಿಸಿದ ನಿಯಮವನ್ನು ಅನ್ವಯಿಸಲಾಗುತ್ತದೆ. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ಮಾಡ್‌ಫ್ಲೋ ತಂತ್ರಾಂಶ ಈ ಬಗೆಯದು. ವಿಶಾಲ ಪ್ರದೇಶಕ್ಕೆ ಇದು ಸೂಕ್ತ.

ದ್ವಿರಂಧ್ರತೆಯ ಮಾದರಿ: ದ್ರವವನ್ನು ಹಿಡಿದಿಡುವ ಶಿಲಾಖಂಡಗಳು ಮತ್ತು ಅದನ್ನು ಸಾಗಿಸುವ ಬಿರುಕುಗಳನ್ನು ಎರಡು ವ್ಯವಸ್ಥೆಗಳೆಂದು ಪರಿಗಣಿಸಲಾಗುತ್ತದೆ. 1963ರಲ್ಲಿ ವಾರೆನ್ ಮತ್ತು ರೂಟ್ ಇದನ್ನು ತೈಲನಿಕ್ಷೇಪಗಳಿಗೆ ಅಳವಡಿಸಿದರು.

ಬಿರುಕುಜಾಲ ಮಾದರಿ: ಬಿರುಕುಗಳ ದಿಕ್ಕು, ಉದ್ದ ಮತ್ತು ಸಾಂದ್ರತೆಯನ್ನು ಅಳೆದು, ಅದೇ ಗುಣಗಳುಳ್ಳ ಅನೇಕ ಜಾಲಗಳನ್ನು ಸಂಭವನೀಯತೆಯ ಆಧಾರದಲ್ಲಿ ರಚಿಸಲಾಗುತ್ತದೆ.

ಕರ್ನಾಟಕದ ತೈಲಗುಹೆಗಳು

ಭಾರತದ ವ್ಯೂಹಾತ್ಮಕ ಕಚ್ಚಾತೈಲ ಸಂಗ್ರಹದ ಎರಡು ತಾಣಗಳು ಕರ್ನಾಟಕದ ಕರಾವಳಿಯಲ್ಲಿವೆ. ಮಂಗಳೂರಿನ ಗುಹೆಗಳ ಸಾಮರ್ಥ್ಯ 15 ಲಕ್ಷ ಟನ್. ಉಡುಪಿ ಜಿಲ್ಲೆಯ ಪಾದೂರಿನದು 25 ಲಕ್ಷ ಟನ್. ಇವೆರಡನ್ನೂ 2019ರ ಫೆಬ್ರವರಿಯಲ್ಲಿ ರಾಷ್ಟ್ರಕ್ಕೆ ಸಮರ್ಪಿಸಲಾಯಿತು.

ಇಂತಹ ಗುಹೆಗಳಲ್ಲಿ ತೈಲವನ್ನು ಹಿಡಿದಿಡುವುದು ಉಕ್ಕಿನ ಹೊದಿಕೆಯಲ್ಲ, ಸುತ್ತಲಿನ ಅಂತರ್ಜಲ. ಬಿರುಕುಗಳಲ್ಲಿನ ನೀರಿನ ಒತ್ತಡ ತೈಲದ ಒತ್ತಡಕ್ಕಿಂತ ಹೆಚ್ಚಿದ್ದರೆ ನೀರು ಒಳಗೆ ಜಿನುಗುತ್ತದೆಯೇ ಹೊರತು ತೈಲ ಹೊರಹೋಗದು. ಒತ್ತಡವನ್ನು ಕಾಯ್ದುಕೊಳ್ಳಲು ಗುಹೆಯ ಮೇಲ್ಭಾಗದ ಸುರಂಗದಿಂದ ರಂಧ್ರಗಳನ್ನು ಕೊರೆದು ನೀರು ತುಂಬಿಸುತ್ತಾರೆ. ಇದಕ್ಕೆ ನೀರಿನ ಪರದೆ ಎಂದು ಹೆಸರು. ಒಳಗೆ ಜಿನುಗಿದ ನೀರನ್ನು ಪಂಪುಗಳಿಂದ ಹೊರತೆಗೆಯುತ್ತಾರೆ.

ಇಲ್ಲಿ ಮಾದರಿಯು ಎರಡು ಪ್ರಶ್ನೆಗಳಿಗೆ ಉತ್ತರಿಸಬೇಕಾಗುತ್ತದೆ: ಬೇಸಿಗೆಯಲ್ಲೂ ನೀರಿನ ಒತ್ತಡ ಸಾಕಷ್ಟು ಉಳಿಯುವುದೇ, ಮತ್ತು ಗುಹೆಯೊಳಕ್ಕೆ ನೀರು ಹೆಚ್ಚು ಹರಿದು ಸುತ್ತಲಿನ ಬಾವಿಗಳ ಮಟ್ಟ ಕುಸಿಯುವುದೇ. ಹರಿವು ಮಿತಿಮೀರುವ ಬಿರುಕುಗಳಿಗೆ ಸಿಮೆಂಟ್ ದ್ರಾವಣ ತುಂಬಿ ಮುಚ್ಚಲಾಗುತ್ತದೆ.

ಮಿತಿಗಳು

ಕೊರೆದ ರಂಧ್ರಗಳು ಬಂಡೆಯ ಅತ್ಯಲ್ಪ ಭಾಗವನ್ನಷ್ಟೇ ತೋರಿಸುತ್ತವೆ. ಒಂದೇ ಮಾಹಿತಿಗೆ ಹೊಂದುವ ಹಲವು ಮಾದರಿಗಳು ಸಾಧ್ಯ. ಆದ್ದರಿಂದ ಫಲಿತಾಂಶವನ್ನು ಒಂದೇ ಸಂಖ್ಯೆಯಾಗಿ ಹೇಳದೆ ವ್ಯಾಪ್ತಿಯಾಗಿ ಹೇಳುವುದು ಸರಿಯಾದ ಕ್ರಮ. ಗುಹೆ ಬಳಕೆಗೆ ಬಂದ ನಂತರವೂ ವೀಕ್ಷಣಾ ಬಾವಿಗಳ ನೀರಿನ ಮಟ್ಟವನ್ನು ಅಳೆದು ಮಾದರಿಯನ್ನು ತಿದ್ದುತ್ತಿರಬೇಕಾಗುತ್ತದೆ.