ನಿಮಗಿದು ಗೊತ್ತೆ? ಉಗುರು ನೋಡಿ ದೇಶ ಹೇಳಲು ಹೊರಟಿದ್ದರು!

ಪಾಸ್‌ಪೋರ್ಟ್ ಇಲ್ಲದೆ ಬಂದು ಆಶ್ರಯ ಕೇಳುವವರು ನಿಜಕ್ಕೂ ಯಾವ ದೇಶದವರು? ಇದನ್ನು ಪತ್ತೆಹಚ್ಚಲು ಬ್ರಿಟನ್‌ನ ಗಡಿ ಇಲಾಖೆ 2009ರಲ್ಲಿ ವಿಚಿತ್ರ ಪ್ರಯೋಗಕ್ಕೆ ಕೈಹಾಕಿತು. ಸೊಮಾಲಿಯಾದವರು ಎಂದು ಹೇಳಿಕೊಂಡವರಲ್ಲಿ ನೆರೆಯ ಕೀನ್ಯಾದವರೂ ಇರಬಹುದು ಎಂಬ ಗುಮಾನಿ ಅದಕ್ಕಿತ್ತು. ಹಾಗಾಗಿ ಎಂಜಲಿನಿಂದ ಡಿಎನ್‌ಎ ಪರೀಕ್ಷೆ, ಕೂದಲು ಮತ್ತು ಉಗುರಿನಿಂದ ಐಸೊಟೋಪ್ ಪರೀಕ್ಷೆ!

ವಿಜ್ಞಾನಿಗಳು ಹೌಹಾರಿದರು. ಡಿಎನ್‌ಎ ಬೆರಳಚ್ಚು ವಿಧಾನ ಕಂಡುಹಿಡಿದ ಅಲೆಕ್ ಜೆಫ್ರೀಸ್ ಅವರೇ ಇದನ್ನು ಕಟುವಾಗಿ ಟೀಕಿಸಿದರು. ಕೂದಲು, ಉಗುರು ಹೇಳುವುದು ಈಚಿನ ತಿಂಗಳುಗಳಲ್ಲಿ ತಿಂದ ಅನ್ನ, ಕುಡಿದ ನೀರಿನ ಕಥೆಯನ್ನಷ್ಟೇ, ಹುಟ್ಟಿದೂರಿನದ್ದಲ್ಲ. ಇನ್ನು ವಂಶವಾಹಿಗೆ ಗಡಿರೇಖೆ ಎಲ್ಲಿ ಗೊತ್ತು? ಸೊಮಾಲಿ ಜನ ಸೊಮಾಲಿಯಾದಲ್ಲೂ ಇದ್ದಾರೆ, ಕೀನ್ಯಾ, ಇಥಿಯೋಪಿಯಾ, ಜಿಬೂಟಿಗಳಲ್ಲೂ ಇದ್ದಾರೆ. ಕೊನೆಗೆ ಯೋಜನೆಯನ್ನೇ ಕೈಬಿಡಲಾಯಿತು.

ಮಾತಿನ ಪರೀಕ್ಷೆ ಮಾತ್ರ ಯುರೋಪಿನ ಹಲವೆಡೆ ಇಂದಿಗೂ ಉಂಟು. ಅರ್ಜಿದಾರರ ಮಾತನ್ನು ಧ್ವನಿಮುದ್ರಿಸಿ, ಉಚ್ಚಾರ, ಪದಬಳಕೆ ನೋಡಿ ಯಾವ ಸೀಮೆಯವರೆಂದು ಅಂದಾಜಿಸುತ್ತಾರೆ. ಜರ್ಮನಿ 2017ರಿಂದ ಅರಬ್ಬಿಯ ಉಪಭಾಷೆ ಗುರುತಿಸಲು ಕಂಪ್ಯೂಟರನ್ನೇ ಕೂರಿಸಿದೆ. ಆದರೆ ನಿರಾಶ್ರಿತರ ಶಿಬಿರದಲ್ಲಿ ವರ್ಷಗಟ್ಟಲೆ ಇದ್ದವರ ನುಡಿ ಬೆರಕೆಯಾಗದೆ ಇದ್ದೀತೆ? ಮಾತು ಆ ವ್ಯಕ್ತಿ ಬೆಳೆದ ಪರಿಸರವನ್ನು ಹೇಳಬಹುದು, ಪೌರತ್ವವನ್ನಲ್ಲ ಎಂದು ಭಾಷಾವಿಜ್ಞಾನಿಗಳು 2004ರಲ್ಲೇ ಮಾರ್ಗಸೂಚಿ ಹೊರಡಿಸಿ ಎಚ್ಚರಿಸಿದ್ದರು. ಬ್ರಿಟನ್‌ನ ಸುಪ್ರೀಂ ಕೋರ್ಟ್ ಕೂಡ 2014ರಲ್ಲಿ ಇಂಥ ಭಾಷಾ ವರದಿ ಕೊಡುವ ತಜ್ಞರಿಗೆ ಕಿವಿಮಾತು ಹೇಳಿತು: ನಿಮ್ಮ ಪರಿಣತಿ ಎಲ್ಲಿಯವರೆಗೋ ಅಲ್ಲಿಯವರೆಗೆ ಮಾತ್ರ ಅಭಿಪ್ರಾಯ ಕೊಡಿ, ಅರ್ಜಿದಾರ ಹೇಳಿದ ಕಥೆ ನಿಜವೋ ಸುಳ್ಳೋ ಎಂದು ತೀರ್ಮಾನಿಸುವುದು ನಿಮ್ಮ ಕೆಲಸವಲ್ಲ.