ಇಲಿ ಸತ್ತ ಮನೆ

ರಾತ್ರಿ ಮೂಲೆಯಲ್ಲಿಟ್ಟ ಪಾಷಾಣದ ಉಂಡೆ ಬೆಳಗಾಗುವಷ್ಟರಲ್ಲಿ ಮಾಯವಾದುದನ್ನು ಕಂಡು ಹರ್ಷಿತನಾದ ಗೃಹಸ್ಥನು ಆ ಸಂಗತಿಯನ್ನೇ ಮರೆತು ನಿಶ್ಚಿಂತನಾಗಿರುವಾಗ, ವಾರದೊಳಗೆ ನಡುಮನೆಯಲ್ಲಿ ಎಲ್ಲಿಂದಲೋ ಸುಳಿದುಬರುವ ನಾತವು, ಅವನ ವಿಜಯವಿನ್ನೂ ಪೂರ್ಣವಾಗಿಲ್ಲವೆಂದು ಸಾರತೊಡಗುತ್ತದೆ. ಆಗ ಮನೆಯವರು ಊದಿನಕಡ್ಡಿ ಹಚ್ಚುವರು, ಸಾಂಬ್ರಾಣಿ ಹಾಕುವರು, ನೆಲಕ್ಕೆ ಫಿನಾಯಿಲ್ ಸುರಿಯುವರು. ಇದರಿಂದ ಮನೆಯಲ್ಲಿ ಒಂದಿದ್ದ ವಾಸನೆ ನಾಲ್ಕಾಗುವುದೇ ಹೊರತು, ಮೊದಲಿನದು ಹೋಗುವುದಿಲ್ಲ. ದುರ್ಗಂಧವನ್ನು ಮುಚ್ಚುವುದು ಉಪಾಯವಲ್ಲ. ಅದರ ಜಾಡನ್ನೇ ಹಿಡಿದು ಮೂಲವನ್ನು ತಲುಪುವುದು ಉಪಾಯ.

ಪ್ರಾಣಿಯ ಉಸಿರು ನಿಂತರೂ ಅದರ ಕರುಳಿನಲ್ಲಿ ವಾಸವಾಗಿರುವ ಸೂಕ್ಷ್ಮಜೀವಿಗಳು ಸಾಯುವುದಿಲ್ಲ. ತಡೆಯುವ ಶಕ್ತಿ ಇಲ್ಲವಾದ ದೇಹದಲ್ಲಿ ಅವು ಯಥೇಚ್ಛವಾಗಿ ವೃದ್ಧಿಹೊಂದಿ, ಮಾಂಸದ ಪ್ರೋಟೀನುಗಳನ್ನು ಒಡೆಯತೊಡಗುತ್ತವೆ. ಹೀಗೆ ಒಡೆದಾಗ ಹುಟ್ಟುವ ಪುಟ್ರೆಸಿನ್ ಮತ್ತು ಕಡಾವರಿನ್ ಎಂಬ ಎರಡು ದ್ರವ್ಯಗಳನ್ನು ಗುರುತಿಸಿ 1885ರ ಸುಮಾರಿಗೆ ವರ್ಣಿಸಿದವನು ಬರ್ಲಿನ್ನಿನ ವೈದ್ಯ ಲುಡ್ವಿಗ್ ಬ್ರೀಗರ್. ಇವುಗಳೊಡನೆ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡು, ಅಮೋನಿಯಾ ಮೊದಲಾದ ಅನಿಲಗಳೂ ಸೇರಿ ನಮಗೆ ಪರಿಚಿತವಾದ ನಾತವಾಗುತ್ತದೆ. ಸೆಕೆಯೂ ತೇವವೂ ಇದ್ದಲ್ಲಿ ಅದು ಉಗ್ರವಾಗಿದ್ದರೂ ಬೇಗ ಮುಗಿಯುತ್ತದೆ. ತಂಪಿನಲ್ಲಿ ಮಂದವಾಗಿ ಬಹುಕಾಲ ಎಳೆಯುತ್ತದೆ. ಸಣ್ಣ ಇಲಿಯ ಕಾಟ ಸಾಮಾನ್ಯವಾಗಿ ಒಂದು ವಾರದ್ದಾದರೆ, ಹೆಗ್ಗಣದ್ದು ಎರಡು ಮೂರು ವಾರಗಳವರೆಗೂ ಉಂಟು.

ಶೋಧನೆಗೆ ಹೊರಟವನು ಅರಿಯಬೇಕಾದ ಮೊದಲ ಸಂಗತಿಯೆಂದರೆ, ಮೂಗು ಬಹುಬೇಗ ದಣಿಯುವ ಇಂದ್ರಿಯವೆಂಬುದು. ಸ್ವಲ್ಪ ಹೊತ್ತು ಕಳೆದರೆ ನಾತವಿರುವ ಕೋಣೆಯಲ್ಲೇ ನಿಂತವನಿಗೆ ನಾತ ತಿಳಿಯುವುದಿಲ್ಲ. ಆದುದರಿಂದ ಫ್ಯಾನುಗಳನ್ನು ನಿಲ್ಲಿಸಿ, ಕೋಣೆಗಳ ಬಾಗಿಲನ್ನು ಒಂದು ಗಳಿಗೆ ಮುಚ್ಚಿಟ್ಟು, ತಾನು ಅಂಗಳದ ಶುದ್ಧವಾಯುವಿನಲ್ಲಿ ಅಡ್ಡಾಡಿಬಂದು, ಒಂದೊಂದೇ ಬಾಗಿಲನ್ನು ತೆರೆದು ನೋಡುವುದು ಒಳ್ಳೆಯದು. ಹೊಳೆಯುವ ಹಸಿರು ಅಥವಾ ನೀಲಿ ಮೈಯ ನೊಣಗಳು ಯಾವ ಸಂದಿಯ ಬಳಿ ಮುತ್ತುತ್ತವೆ, ಇರುವೆಗಳ ಸಾಲು ಎತ್ತ ಹೋಗುತ್ತಿದೆ, ಚಾವಣಿಯ ಹಲಗೆಯಲ್ಲಿ ಹೊಸ ಕಲೆ ಮೂಡಿದೆಯೇ ಎಂಬುದನ್ನು ಲಕ್ಷಿಸಬೇಕು. ಹಳೆಯ ಮನೆಗಳಲ್ಲಿ ಅಟ್ಟ, ಹೆಂಚಿನಡಿಯ ಜಂತಿಗಳ ಸಂದು, ಕಣಜದ ಹಿಂಬದಿ, ಬಚ್ಚಲ ತೂಬು. ಹೊಸ ಮನೆಗಳಲ್ಲಿ ಫ್ರಿಜ್ಜಿನ ಹಿಂದಿನ ಬೆಚ್ಚನೆಯ ಜಾಗ, ಅಡುಗೆಕಟ್ಟೆಯ ಕೆಳಗಿನ ಕಪಾಟು, ಅಲಂಕಾರದ ಸುಳ್ಳು ಚಾವಣಿ: ಇವೇ ಇಲಿಯ ಅಂತಿಮ ಆಶ್ರಯಗಳು. ನಲ್ಲಿಯ ನೀರೇ ವಾಸನೆ ಹೊಡೆದರೆ ಮಾಳಿಗೆಯ ಮೇಲಿನ ತೊಟ್ಟಿಯ ಮುಚ್ಚಳ ತೆಗೆದು ನೋಡಲು ತಡಮಾಡಬಾರದು.

ಹಿಂದಿನವರಿಗೆ ಸತ್ತ ಇಲಿಯೆಂಬುದು ಮೂಗಿನ ಪ್ರಶ್ನೆಯಾಗಿರದೆ ಪ್ರಾಣದ ಪ್ರಶ್ನೆಯಾಗಿದ್ದಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟ ಮೇಲೆ, ಇಲಿ ಬಿತ್ತೆಂಬ ಮಾತು ಕೇಳಿದರೆ ಸಾಕು, ಜನರು ಮನೆಗೆ ಬೀಗವಿಕ್ಕಿ ಊರಾಚೆಯ ಬಯಲಿನಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಅದೇ ವರ್ಷ ಕರಾಚಿಯಲ್ಲಿ ಪಾಲ್ ಲೂಯಿ ಸಿಮೋನ್ ಎಂಬ ಫ್ರೆಂಚ್ ವೈದ್ಯನು, ಇಲಿಯ ದೇಹ ತಣ್ಣಗಾಗುತ್ತಲೇ ಅದನ್ನು ತೊರೆದು ಬೇರೆ ಆಸರೆ ಹುಡುಕುವ ಚಿಗಟಗಳೇ ರೋಗವನ್ನು ಹರಡುವುವೆಂದು ಪ್ರಯೋಗದಿಂದ ಕಂಡುಕೊಂಡನು. ಪ್ಲೇಗಿನ ಭಯ ಇಂದು ಅಳಿದಿದ್ದರೂ, ಇಲಿಯ ಮೂತ್ರದಿಂದ ಬರುವ ಇಲಿಜ್ವರ ಇನ್ನೂ ಇರುವುದರಿಂದ, ಕಳೇಬರವನ್ನು ಬರಿಗೈಯಿಂದ ಮುಟ್ಟಲಾಗದು. ಕಿಟಕಿಗಳನ್ನು ತೆರೆದಿಟ್ಟು, ಕೈಗವಸು ತೊಟ್ಟು, ಕಳೇಬರವನ್ನೂ ಸುತ್ತಲಿನ ಹಿಕ್ಕೆಯನ್ನೂ ಕ್ರಿಮಿನಾಶಕದ ನೀರಿನಿಂದ ನೆನೆಸಿದ ಮೇಲೆಯೇ ತೆಗೆಯಬೇಕು. ಒಣಗಿದಂತೆಯೇ ಗುಡಿಸಿದರೆ ಧೂಳು ಉಸಿರಿಗೆ ಹೋಗುತ್ತದೆ. ಕಳೇಬರವನ್ನು ಬಾವಿಯಿಂದ ದೂರದಲ್ಲಿ, ನಾಯಿ ಕೆದಕದಷ್ಟು ಆಳವಾಗಿ ಹೂಳತಕ್ಕದ್ದು.

ಬಳಿಕ ಜಾಗವನ್ನು ಸಾಬೂನಿನಿಂದ ತೊಳೆದು ಬ್ಲೀಚಿಂಗ್ ಪುಡಿ ಕಲಸಿದ ನೀರು ಹಚ್ಚಬಹುದು. ಮೀನು ಬೇಯಿಸಿದ ಪಾತ್ರೆಯನ್ನು ಹುಣಿಸೆಹಣ್ಣಿನಿಂದ ಉಜ್ಜುವ ಗೃಹಿಣಿಗೆ ತಿಳಿದಿರುವಂತೆ, ಇಂಥ ಕ್ಷಾರಗುಣದ ವಾಸನೆಗಳು ಹುಳಿಗೆ ಮಣಿಯುವುದರಿಂದ ವಿನಿಗರ್ ಕೂಡ ಉಪಯುಕ್ತವೇ. ಆದರೆ ಹುಳಿಯನ್ನಾಗಲಿ ಬಚ್ಚಲು ತೊಳೆಯುವ ಆಸಿಡ್ಡನ್ನಾಗಲಿ ಬ್ಲೀಚಿಂಗ್ ಪುಡಿಯೊಡನೆ ಎಂದಿಗೂ ಸೇರಿಸಕೂಡದು. ಸೇರಿದರೆ ವಿಷಕರವಾದ ಕ್ಲೋರಿನ್ ಅನಿಲ ಏಳುತ್ತದೆ. ಗೋಡೆಯ ಒಳಗೆ ಕೈಗೆಟುಕದಂತೆ ಸತ್ತಿದ್ದರೆ, ಆ ಬಿರುಕನ್ನು ಕಾಗದ ಅಂಟಿಸಿ ಮುಚ್ಚಿ, ಇದ್ದಲಿನ ತಟ್ಟೆಯಿಟ್ಟು, ಗಾಳಿಯಾಡಲು ಬಿಟ್ಟು ಕಾಯುವುದೊಂದೇ ಮಾರ್ಗ.

ಇಷ್ಟೆಲ್ಲಕ್ಕೂ ಮೂಲವಾದುದು ಪಾಷಾಣ. ವಿಷ ತಿಂದ ಇಲಿ ಬಾಯಾರಿ ನೀರಿಗಾಗಿ ಹೊರಗೆ ಹೋಗಿ ಸಾಯುವುದೆಂಬುದು ಬಹುಜನರ ನಂಬಿಕೆಯಷ್ಟೆ. 1948ರ ಹೊತ್ತಿಗೆ ಅಮೆರಿಕದಲ್ಲಿ ಬಳಕೆಗೆ ಬಂದ ವಾರ್ಫರಿನ್ನೂ ಅದರ ಕುಲದ ಇಂದಿನ ವಿಷಗಳೂ ರಕ್ತ ಹೆಪ್ಪುಗಟ್ಟುವುದನ್ನು ತಡೆದು, ಒಳಗೊಳಗೇ ರಕ್ತ ಸೋರಿಸಿ, ಕೆಲವು ದಿನಗಳ ತರುವಾಯ ಕೊಲ್ಲುತ್ತವೆ. ಅಷ್ಟರಲ್ಲಿ ನಿತ್ರಾಣಗೊಂಡ ಇಲಿ ಅವಿತುಕೊಳ್ಳುವುದು ತನಗೆ ಪರಿಚಿತವಾದ ಬಿಲದಲ್ಲಿ, ಅರ್ಥಾತ್ ನಮ್ಮ ಮನೆಯಲ್ಲಿ. ಬೋನಿಟ್ಟವನಿಗೆ ಮಾತ್ರ ಇಲಿ ಎಲ್ಲಿದೆಯೆಂದು ಮರುದಿನ ಬೆಳಿಗ್ಗೆಯೇ ತಿಳಿದಿರುತ್ತದೆ. ಅದಕ್ಕೂ ಮೊದಲಿನ ಕೆಲಸ ಕಂಡಿಗಳನ್ನು ಮುಚ್ಚುವುದು: ಸಣ್ಣ ಇಲಿಗೆ 6 ಮಿಲಿಮೀಟರ್, ದೊಡ್ಡದಕ್ಕೆ 12 ಮಿಲಿಮೀಟರ್ ಅಗಲವಿದ್ದರೆ ನುಸುಳಲು ಸಾಕು. ಬಚ್ಚಲಿನ ತೂಬಿಗೊಂದು ಜಾಲರಿ, ಬಿರುಕಿಗೊಂದು ಕರಣೆ ಸಿಮೆಂಟು ಹಾಕಿಸಲು ತಗಲುವ ಖರ್ಚು, ಒಂದು ಹೆಗ್ಗಣಕ್ಕಾಗಿ ಸುಳ್ಳು ಚಾವಣಿಯನ್ನು ಕೀಳಿಸುವ ಖರ್ಚಿಗಿಂತ ಬಹಳ ಕಡಿಮೆ.