ಫ್ರೆಂಚ್ ಕಲಿಯಲು ಯಾವ ಊರಿಗೆ?

‘ದೇಶ ಸುತ್ತು, ಕೋಶ ಓದು’ ಎಂಬುದು ನಮ್ಮ ಹಿರಿಯರ ಮಾತು. ಜ್ಞಾನಸಂಪಾದನೆಗೆ ಇವು ಎರಡು ಬೇರೆ ಬೇರೆ ದಾರಿಗಳೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಆದರೆ ಪರಭಾಷೆಯೊಂದನ್ನು ಕಲಿಯಹೊರಟವರ ಪಾಲಿಗೆ ಇವೆರಡೂ ಒಂದೇ ದಾರಿಯ ಎರಡು ಮಜಲುಗಳು. ನಿಘಂಟನ್ನು ಎಷ್ಟು ತಿರುವಿದರೂ, ವ್ಯಾಕರಣವನ್ನು ಎಷ್ಟು ಬಾಯಿಪಾಠ ಮಾಡಿದರೂ, ಆ ಭಾಷೆಯನ್ನಾಡುವ ಜನರ ನಡುವೆ ಕೆಲವು ಕಾಲ ಬಾಳಿ, ಅವರೊಡನೆ ಉಂಡು, ಅಂಗಡಿಯಲ್ಲಿ ಚೌಕಾಸಿ ಮಾಡಿ, ತಪ್ಪು ಮಾತಾಡಿ ನಗೆಗೀಡಾಗದೆ ಅದು ನಾಲಗೆಗೆ ಹತ್ತುವುದಿಲ್ಲ.

ಈ ಕಾರಣದಿಂದಲೇ ಫ್ರೆಂಚ್ ಕಲಿಯುವ ವಿದ್ಯಾರ್ಥಿಗಳನ್ನು ಒಂದು ವರ್ಷವೋ ಅರ್ಧ ವರ್ಷವೋ ಹೊರನಾಡಿಗೆ ಕಳುಹಿಸುವ ಪದ್ಧತಿ ಪಾಶ್ಚಾತ್ಯ ಕಾಲೇಜುಗಳಲ್ಲಿ ನೂರು ವರ್ಷಗಳಿಂದ ನಡೆದುಬಂದಿದೆ. ಬಹುಕಾಲ ಆ ಹೊರನಾಡೆಂದರೆ ಪ್ಯಾರಿಸ್ ಎಂದೇ ಅರ್ಥವಾಗಿತ್ತು. ಈಗ ಹಾಗಿಲ್ಲ. ಕಾಲೇಜುಗಳ ಪಟ್ಟಿಯಲ್ಲಿ ಪ್ಯಾರಿಸ್ಸಿನ ಪಕ್ಕದಲ್ಲಿ ಜಿನೀವಾ, ಬ್ರಸೆಲ್ಸ್, ಮಾಂಟ್ರಿಯಲ್ ನಗರಗಳು ಕಾಣಿಸಿಕೊಂಡಿವೆ. ಅಷ್ಟೇ ಅಲ್ಲ, ಆಫ್ರಿಕದ ಪಶ್ಚಿಮ ಕರಾವಳಿಯ ಡಕಾರ್ ಕೂಡ ಸೇರಿಕೊಂಡಿದೆ. ಹೀಗೆ ಹೊಸ ಊರೊಂದು ಪಟ್ಟಿಗೆ ಬಂದಾಗಲೆಲ್ಲ ಮನೆಗಳಲ್ಲಿ ಒಂದೇ ಪ್ರಶ್ನೆ ಏಳುತ್ತದೆ: “ಫ್ರೆಂಚ್ ಕಲಿಯುವುದಕ್ಕೆ ಫ್ರಾನ್ಸಿಗೆ ಹೋಗಬೇಕಲ್ಲವೆ? ಅಲ್ಲಿಗೇಕೆ?” ಪ್ರಶ್ನೆ ಸಹಜವಾದುದೇ. ಹಣ ತೆರುವವರು ತಂದೆತಾಯಿಗಳು. ವ್ಯಯವಾಗುವುದು ಮಗನ ಅಥವಾ ಮಗಳ ಬಾಳಿನ ಒಂದು ವರ್ಷ. ಆದ್ದರಿಂದ ಉತ್ತರವನ್ನು ಸಾವಧಾನವಾಗಿಯೇ ಹುಡುಕಬೇಕು.

ಎಂಟು ಮಂದಿ ಮೊದಲಿಗರು

ಈ ಪದ್ಧತಿಯು ರೂಪುಗೊಂಡದ್ದು ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದಲ್ಲಿ. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನಲ್ಲಿ ಸೇವೆ ಸಲ್ಲಿಸಿ ಮರಳಿದ್ದ ರೇಮಂಡ್ ಕರ್ಕ್‌ಬ್ರೈಡ್ ಎಂಬ ತರುಣ ಅಧ್ಯಾಪಕರು ಅಲ್ಲಿ ಆಧುನಿಕ ಭಾಷೆಗಳನ್ನು ಕಲಿಸುತ್ತಿದ್ದರು. ಪದವಿಯ ಮೂರನೆಯ ವರ್ಷವನ್ನು ವಿದ್ಯಾರ್ಥಿಗಳು ಫ್ರಾನ್ಸಿನಲ್ಲಿಯೇ ಓದಲಿ, ಅಲ್ಲಿ ಓದಿದ್ದನ್ನು ಇಲ್ಲಿಯ ಪದವಿಗೆ ಲೆಕ್ಕ ಹಿಡಿಯೋಣ ಎಂಬುದು ಅವರ ಸಲಹೆ. ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ವಾಲ್ಟರ್ ಹಲಿಹೆನ್ ಅವರಿಗೆ ಈ ಯೋಚನೆ ಹಿಡಿಸಿತು. ಆದರೆ ಹಣ ಬೇಕಲ್ಲ! ವಿಶ್ವವಿದ್ಯಾಲಯದ ಬೊಕ್ಕಸದಿಂದ ಅದು ಹೊರಡಲಿಲ್ಲ. ಕೊನೆಗೆ ದಾನಿಗಳ ಬಾಗಿಲು ತಟ್ಟಬೇಕಾಯಿತು. ಉದ್ಯಮಿ ಪಿಯರ್ ಡು ಪಾಂಟ್ ನೆರವಾದರು. ಆಗ ವಾಣಿಜ್ಯ ಸಚಿವರಾಗಿದ್ದು ಮುಂದೆ ರಾಷ್ಟ್ರಾಧ್ಯಕ್ಷರಾದ ಹರ್ಬರ್ಟ್ ಹೂವರ್ ಬೆಂಬಲದ ಮಾತಾಡಿದರು.

1923ರ ಜುಲೈ 7ರಂದು ಎಂಟು ಮಂದಿ ವಿದ್ಯಾರ್ಥಿಗಳು ‘ರೋಶಾಂಬೋ’ ಎಂಬ ಹಡಗನ್ನೇರಿ ನ್ಯೂಯಾರ್ಕನ್ನು ಬಿಟ್ಟರು. ಅವರನ್ನು ನೇರವಾಗಿ ಪ್ಯಾರಿಸ್ಸಿಗೆ ಕರೆದೊಯ್ಯಲಿಲ್ಲವೆಂಬುದು ಗಮನಿಸತಕ್ಕ ಸಂಗತಿ. ಮೊದಲು ಪೂರ್ವ ಫ್ರಾನ್ಸಿನ ನಾನ್ಸಿ ಎಂಬ ಊರಿನಲ್ಲಿ ಬೇಸಗೆಯ ಕೆಲವು ವಾರ ಭಾಷೆಯನ್ನು ತಿದ್ದಿಸಿ, ಕಿವಿ ಪಳಗಿದ ಮೇಲೆ ಪ್ಯಾರಿಸ್ಸಿನ ಸಾರ್ಬಾನ್ ವಿದ್ಯಾಪೀಠಕ್ಕೆ ಸೇರಿಸಿದರು. ವಸತಿಯೂ ಫ್ರೆಂಚ್ ಕುಟುಂಬಗಳಲ್ಲಿಯೇ. ಹಗಲಿನ ಪಾಠಕ್ಕೆ ಸಾರ್ಬಾನ್, ಇರುಳಿನ ಪಾಠಕ್ಕೆ ಊಟದ ಮೇಜು! ಇಂದಿಗೂ ಈ ಬಗೆಯ ವ್ಯಾಸಂಗದ ಯಶಸ್ಸು ಈ ಎರಡನೆಯ ಪಾಠಶಾಲೆಯನ್ನೇ ಹೆಚ್ಚಾಗಿ ಅವಲಂಬಿಸಿದೆ.

1925ರಲ್ಲಿ ಸ್ಮಿತ್ ಎಂಬ ಮಹಿಳಾ ಕಾಲೇಜು ತನ್ನ ವಿದ್ಯಾರ್ಥಿನಿಯರನ್ನು ಪ್ಯಾರಿಸ್ಸಿಗೆ ಕಳುಹಿಸಿತು. ಸಾಗರದಾಚೆ ಒಂದು ವರ್ಷ ಹೆಣ್ಣುಮಕ್ಕಳನ್ನು ಬಿಡುವುದೆಂದರೆ ಅಂದಿನ ಅಮೆರಿಕದ ತಾಯಂದಿರಿಗೂ ಅದು ಹಗುರವಾದ ಮಾತಾಗಿರಲಾರದು. ಇದೇ ಸ್ಮಿತ್ ಕಾಲೇಜಿನ ವ್ಯವಸ್ಥೆಯಲ್ಲಿ 1949-50ನೆಯ ಸಾಲಿನಲ್ಲಿ ಪ್ಯಾರಿಸ್ಸಿಗೆ ಹೋದವರಲ್ಲಿ ಜಾಕ್ವೆಲಿನ್ ಬೂವಿಯೇ ಎಂಬ ತರುಣಿಯೂ ಒಬ್ಬಳು. ಅವಳು ಉಳಿದುಕೊಂಡದ್ದು ಯುದ್ಧದಲ್ಲಿ ನೊಂದ ಮನೆಯೊಂದರಲ್ಲಿ. ಮನೆಯೊಡತಿ ಜರ್ಮನರ ಸೆರೆಶಿಬಿರದಿಂದ ಬದುಕಿ ಬಂದವಳು, ಅವಳ ಗಂಡ ಮಾತ್ರ ಮರಳಿರಲಿಲ್ಲ. ಪಠ್ಯಪುಸ್ತಕದಲ್ಲಿ ಸಿಗದ ಫ್ರಾನ್ಸ್ ಅದು. 1961ರಲ್ಲಿ ಅದೇ ತರುಣಿ ಅಧ್ಯಕ್ಷ ಕೆನೆಡಿಯವರ ಪತ್ನಿಯಾಗಿ ಪ್ಯಾರಿಸ್ಸಿಗೆ ಬಂದು ಜನರಲ್ ಡಿಗಾಲರೊಡನೆ ಅವರದೇ ಭಾಷೆಯಲ್ಲಿ ಸಂಭಾಷಿಸಿದಾಗ ಫ್ರೆಂಚ್ ಜನ ಮಾರುಹೋದರು.

ಪಟ್ಟಿ ಬೆಳೆದ ಬಗೆ

ಹೊಸ ಊರು ಪಟ್ಟಿಗೆ ಸೇರಿದ್ದು ಎಷ್ಟೋ ಸಲ ಸಂದರ್ಭದ ಒತ್ತಡದಿಂದ. 1939ರಲ್ಲಿ ಯುದ್ಧ ಸಿಡಿದಾಗ ಡೆಲವೇರಿನ ಫ್ರಾನ್ಸ್ ಪ್ರಯಾಣ ನಿಂತಿತು. ಯುದ್ಧಾನಂತರ ವಿದ್ಯಾರ್ಥಿಗಳು ಹೋದದ್ದು ಸ್ವಿಟ್ಜರ್ಲೆಂಡಿನ ಜಿನೀವಾಕ್ಕೆ. ಅಲ್ಲಿಯೂ ಮಾತು ಫ್ರೆಂಚೇ. 1948ರಲ್ಲಿ ಡೆಲವೇರ್ ಈ ಕೆಲಸವನ್ನು ಕೈಬಿಟ್ಟಿತು; ಅದೇ ವರ್ಷ ಸ್ವೀಟ್ ಬ್ರಯರ್ ಎಂಬ ಕಾಲೇಜು ಅದನ್ನು ಎತ್ತಿಕೊಂಡು ಮತ್ತೆ ಪ್ಯಾರಿಸ್ಸಿಗೆ ದಾರಿ ತೆರೆಯಿತು. 1987ರಲ್ಲಿ ಯೂರೋಪಿನ 11 ದೇಶಗಳು ಒಟ್ಟುಗೂಡಿ ‘ಎರಾಸ್ಮಸ್’ ಯೋಜನೆಯನ್ನು ಆರಂಭಿಸಿದವು. ಮೊದಲ ವರ್ಷ ಅದರಡಿ ಪರದೇಶದಲ್ಲಿ ಓದಿದವರು 3,244 ಮಂದಿ. ಶ್ರೀಮಂತರ ಮಕ್ಕಳ ಭಾಗ್ಯವೆನಿಸಿದ್ದುದು ಕ್ರಮೇಣ ಸಾಮಾನ್ಯ ವಿದ್ಯಾರ್ಥಿಯ ಅಧಿಕಾರವಾಗತೊಡಗಿತು.

ಊರು ಬದಲಾದಂತೆ ಭಾಷೆಯೂ ಬದಲಾಗುತ್ತದೆಯೆ? ಆಗುತ್ತದೆ. ಪ್ಯಾರಿಸ್ಸಿನವನು ಎಪ್ಪತ್ತು ಎನ್ನಲು ‘ಅರವತ್ತು-ಹತ್ತು’ ಎನ್ನುತ್ತಾನೆ. ಎಂಬತ್ತಕ್ಕೆ ‘ನಾಲ್ಕು-ಇಪ್ಪತ್ತು’, ತೊಂಬತ್ತಕ್ಕೆ ‘ನಾಲ್ಕು-ಇಪ್ಪತ್ತು-ಹತ್ತು’! ಈ ಲೆಕ್ಕಕ್ಕೆ ಹೊಸಬರು ಬೆವರುವುದುಂಟು. ಬ್ರಸೆಲ್ಸಿನಲ್ಲಿ ಮಾತ್ರ ಎಪ್ಪತ್ತಕ್ಕೆ ‘ಸೆಪ್ಟಾಂತ್’, ತೊಂಬತ್ತಕ್ಕೆ ‘ನೊನಾಂತ್’ ಎಂಬ ನೇರವಾದ ಪದಗಳಿವೆ. ಸ್ವಿಟ್ಜರ್ಲೆಂಡಿನ ಲೋಸಾನ್ ಸೀಮೆಯಲ್ಲಿ ಎಂಬತ್ತಕ್ಕೂ ‘ಯುಇತಾಂತ್’ ಎನ್ನುತ್ತಾರೆ. ಇನ್ನು ‘ದಿನೇ’ ಎಂದರೆ ಪ್ಯಾರಿಸ್ಸಿನಲ್ಲಿ ರಾತ್ರಿಯೂಟ. ಕೆನಡದ ಕ್ವಿಬೆಕ್ ಪ್ರಾಂತದಲ್ಲಿ ಅದೇ ಮಾತು ಮಧ್ಯಾಹ್ನದ ಊಟಕ್ಕೆ ಸಲ್ಲುತ್ತದೆ. ‘ದಿನೇ’ಗೆ ಕರೆದರೆಂದು ಮಾಂಟ್ರಿಯಲಿನ ಗೆಳೆಯನ ಮನೆಗೆ ದೀಪ ಹಚ್ಚುವ ಹೊತ್ತಿಗೆ ಹೋದವನ ಪಾಡನ್ನು ಊಹಿಸಿಕೊಳ್ಳಿ! ಮೈಸೂರಿನಲ್ಲಿ ಕನ್ನಡ ಕಲಿತ ಪರದೇಶಿಯೊಬ್ಬನು ಹುಬ್ಬಳ್ಳಿಯ ಪೇಟೆಗೆ ಬಂದರೆ ಆರಂಭದಲ್ಲಿ ತಬ್ಬಿಬ್ಬಾಗುತ್ತಾನೆ. ಆದರೆ ಎರಡನ್ನೂ ಕೇಳಿದ ಮೇಲೆ ಅವನ ಕನ್ನಡ ಕೆಡುವುದಿಲ್ಲ, ಹಿಗ್ಗುತ್ತದೆ. ಫ್ರೆಂಚಿನ ಮಾತೂ ಅಷ್ಟೇ.

ಡಕಾರಿನ ದಾರಿ

ಫ್ರೆಂಚ್ ಭಾಷಿಕ ರಾಷ್ಟ್ರಗಳ ಒಕ್ಕೂಟದ 2022ರ ವರದಿಯ ಪ್ರಕಾರ ಜಗತ್ತಿನಲ್ಲಿ ಫ್ರೆಂಚ್ ಬಲ್ಲವರು ಸುಮಾರು 32 ಕೋಟಿ 10 ಲಕ್ಷ ಮಂದಿ. ಅದನ್ನು ದಿನನಿತ್ಯ ಬಳಸುವವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಇರುವುದು ಆಫ್ರಿಕ ಖಂಡದಲ್ಲಿ. ಹೀಗಿರುವಾಗ ಸೆನೆಗಾಲ್ ದೇಶದ ರಾಜಧಾನಿಯಾದ ಡಕಾರ್ ಪಟ್ಟಿಗೆ ಸೇರಿದರೆ ಆಶ್ಚರ್ಯವೇನು?

ಈ ದಾರಿಯಲ್ಲಿ ಒಂದು ಕಾಲದಲ್ಲಿ ಪಯಣ ಎದುರುದಿಕ್ಕಿಗೆ ನಡೆದಿತ್ತು. 1928ರಲ್ಲಿ ಲಿಯೊಪೋಲ್ಡ್ ಸೆದಾರ್ ಸೆಂಘೋರ್ ಎಂಬ ಸೆನೆಗಾಲಿನ ತರುಣ ಓದಲೆಂದು ಪ್ಯಾರಿಸ್ಸಿಗೆ ಹೋದ. 1935ರಲ್ಲಿ ಫ್ರೆಂಚ್ ವ್ಯಾಕರಣದ ಅತ್ಯುನ್ನತ ಅಧ್ಯಾಪಕ ಪರೀಕ್ಷೆಯನ್ನು ಗೆದ್ದು, ತೂರ್ ಪಟ್ಟಣದಲ್ಲಿ ಫ್ರೆಂಚರ ಮಕ್ಕಳಿಗೇ ಪಾಠ ಹೇಳಿದ. ಆತನೇ ಮುಂದೆ ಮಹಾಕವಿಯೆನಿಸಿದ. 1960ರಲ್ಲಿ ಸ್ವತಂತ್ರ ಸೆನೆಗಾಲಿನ ಪ್ರಥಮ ರಾಷ್ಟ್ರಾಧ್ಯಕ್ಷನಾದ. 1983ರಲ್ಲಿ ಭಾಷೆಯ ಕಾವಲುಗಾರರೆನಿಸಿದ ಫ್ರೆಂಚ್ ಅಕಾಡೆಮಿಗೆ ಚುನಾಯಿತನಾದ ಪ್ರಥಮ ಆಫ್ರಿಕನ್ ಎನಿಸಿದ. ಅಂಥವರನ್ನು ಪಡೆದ ನಾಡಿಗೆ ಫ್ರೆಂಚ್ ಕಲಿಯಲು ಹೋಗುವುದು ಕೀಳೆಂದು ಯಾರು ಹೇಳಿಯಾರು?

ಆದರೂ ಒಂದು ಮಾತನ್ನು ಮುಚ್ಚಿಡಬಾರದು. ಡಕಾರಿನಲ್ಲಿ ಫ್ರೆಂಚ್ ಶಾಲೆಯ, ಕಚೇರಿಯ, ವೃತ್ತಪತ್ರಿಕೆಯ ಭಾಷೆ. ಮನೆಯ ಮತ್ತು ಸಂತೆಯ ಭಾಷೆ ವೊಲೋಫ್. ಅತಿಥಿಯೊಡನೆ ಫ್ರೆಂಚಿನಲ್ಲಿ ಮಾತಾಡಿದವರು ಮರುಕ್ಷಣವೇ ತಮ್ಮೊಳಗೆ ವೊಲೋಫಿಗೆ ತಿರುಗುತ್ತಾರೆ. ದೊಡ್ಡ ತಟ್ಟೆಯಲ್ಲಿ ಮೀನು-ಅನ್ನವನ್ನು ಬಡಿಸಿಕೊಂಡು ಮನೆಮಂದಿಯೆಲ್ಲ ಸುತ್ತ ಕುಳಿತು ಉಣ್ಣುವಾಗ ಹಾರುವ ಹಾಸ್ಯ ಚಟಾಕಿಗಳಲ್ಲಿ ಫ್ರೆಂಚ್ ಎಷ್ಟೋ ಅಷ್ಟೇ. ನಮಗಿದು ಅಪರಿಚಿತವಲ್ಲ, ನಮ್ಮ ಮನೆಗಳಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ಇರುವ ನಂಟನ್ನು ನೆನೆದರೆ ಸಾಕು. ಪರಾಧಿಕಾರದೊಡನೆ ಬಂದ ಭಾಷೆಯೊಂದನ್ನು ಜನ ಹೇಗೆ ತಮ್ಮದಾಗಿಸಿಕೊಳ್ಳುತ್ತಾರೆ, ಎಲ್ಲಿ ದೂರವಿಡುತ್ತಾರೆ ಎಂಬುದನ್ನು ಪ್ಯಾರಿಸ್ ಕಲಿಸಲಾರದು; ಡಕಾರ್ ಕಲಿಸುತ್ತದೆ. ಪೆಟ್ರೋಲ್ ಬಂಕಿಗೆ ‘ಎಸಾಂಸರಿ’ ಎಂಬ ಹೊಸ ಫ್ರೆಂಚ್ ಪದವನ್ನೇ ಆ ಜನ ಕಟ್ಟಿಕೊಂಡಿದ್ದಾರೆ.

ಆದ್ದರಿಂದ ನಿರ್ಣಯ ಹೀಗಾಗಬಹುದು: ಭಾಷೆಯ ತಳಪಾಯ ಇನ್ನೂ ಹಸಿಯಾಗಿರುವ ವಿದ್ಯಾರ್ಥಿಗೆ ಮೊದಲು ಫ್ರಾನ್ಸಿನ ಯಾವುದಾದರೂ ಸಣ್ಣ ಪಟ್ಟಣವೇ ಲೇಸು. ತಳಪಾಯ ಗಟ್ಟಿಯಾದವರಿಗೆ ಡಕಾರ್ ಹೆಚ್ಚಿನದನ್ನು ಕೊಡಬಲ್ಲುದು. ಇನ್ನು ಪ್ಯಾರಿಸ್ಸಿಗೇ ಹೋಗಿ, ಸ್ವದೇಶದ ಗೆಳೆಯರೊಡನೆ ಕೋಣೆ ಹಿಡಿದು, ಇಂಗ್ಲಿಷಿನಲ್ಲೇ ದಿನ ಕಳೆದು ಬರುವವರಿಗೆ ಯಾವ ಊರಾದರೂ ಒಂದೇ!

ತಂದೆತಾಯಿಗಳು ಕೇಳಬೇಕಾದುದು

ಹೊಸ ಅವಕಾಶವೊಂದು ಎದುರಿಗೆ ಬಂದಾಗ ಊರಿನ ಕೀರ್ತಿಯನ್ನು ವಿಚಾರಿಸುವುದಕ್ಕಿಂತ ನಾಲ್ಕು ಪ್ರಶ್ನೆಗಳನ್ನು ಕೇಳುವುದು ಒಳಿತು.

ಮೊದಲನೆಯದು, ಅಲ್ಲಿ ಓದಿದ್ದು ಇಲ್ಲಿಯ ಪದವಿಗೆ ಸಲ್ಲುತ್ತದೆಯೆ? ಹಾಗೆಂದು ಬರೆವಣಿಗೆಯಲ್ಲಿ ಇದೆಯೆ? ಕರ್ಕ್‌ಬ್ರೈಡರ ಯೋಜನೆ ನಿಂತದ್ದೇ ಈ ಭರವಸೆಯ ಮೇಲೆ.

ಎರಡನೆಯದು, ವಸತಿ ಎಲ್ಲಿ? ರಾತ್ರಿ ಯಾರೊಡನೆ ಊಟ?

ಮೂರನೆಯದು, ಹೊರಡುವ ಮುನ್ನ ಎಷ್ಟು ಭಾಷೆ ಬರಬೇಕು? ಯೂರೋಪಿನಲ್ಲಿ ಭಾಷಾಜ್ಞಾನವನ್ನು ಎ-1ರಿಂದ ಸಿ-2ರವರೆಗೆ ಆರು ಮೆಟ್ಟಿಲುಗಳಾಗಿ ಅಳೆಯುತ್ತಾರೆ. ಫ್ರೆಂಚ್ ಮಾಧ್ಯಮದ ಪದವಿ ತರಗತಿಗಳಿಗೆ ಸಾಮಾನ್ಯವಾಗಿ ನಾಲ್ಕನೆಯ ಮೆಟ್ಟಿಲಾದ ಬಿ-2 ಬೇಕಾಗುತ್ತದೆ. ಶಾಲೆಯಲ್ಲಿ ಒಳ್ಳೆಯ ಅಂಕ ಬರುವುದೆಂದು ಫ್ರೆಂಚ್ ಆರಿಸಿಕೊಂಡವರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು. ಅಂಕಪಟ್ಟಿಯ ತೊಂಬತ್ತಕ್ಕೂ ನಾಲಗೆಯ ಬಿ-2ಕ್ಕೂ ನಡುವೆ ಬಹಳ ದೂರವಿರಬಹುದು.

ನಾಲ್ಕನೆಯದು, ಖರ್ಚು ಮತ್ತು ಆರೋಗ್ಯ. ಫ್ರಾನ್ಸಿನ ಸರ್ಕಾರಿ ವಿಶ್ವವಿದ್ಯಾಲಯಗಳ ಶುಲ್ಕ ಬಹುಕಾಲ ಎಲ್ಲರಿಗೂ ಅತ್ಯಲ್ಪವಾಗಿತ್ತು. 2019ರಲ್ಲಿ ಯೂರೋಪ್ ಒಕ್ಕೂಟದ ಹೊರಗಿನವರಿಗೆ ಪದವಿ ತರಗತಿಗೆ ವರ್ಷಕ್ಕೆ 2,770 ಯೂರೋಗಳ ಶುಲ್ಕವನ್ನು ಗೊತ್ತುಪಡಿಸಿದರು. ಹೊರಡುವ ವರ್ಷದ ಮೊತ್ತವನ್ನು ಆಯಾ ವಿದ್ಯಾಲಯದಿಂದಲೇ ತಿಳಿಯಬೇಕು. ಡಕಾರಿಗೆ ಹೋಗುವವರು ಹಳದಿ ಜ್ವರದ ಚುಚ್ಚುಮದ್ದನ್ನು ಮರೆಯಕೂಡದು. ಅದರ ಪ್ರಮಾಣಪತ್ರ ಸಿಂಧುವಾಗುವುದು ಚುಚ್ಚಿಸಿಕೊಂಡ ಹತ್ತು ದಿನಗಳ ಬಳಿಕ. ಅದಿಲ್ಲದೆ ಭಾರತಕ್ಕೆ ಮರಳಿದರೆ ಪ್ರತ್ಯೇಕವಾಗಿ ಇರಿಸುವ ಸಂಭವವುಂಟು.

ನಮ್ಮವರಿಗೊಂದು ಹೊಸ ಬಾಗಿಲು

ಭಾರತೀಯ ವಿದ್ಯಾರ್ಥಿಗಳ ಮುಂದೆಯೂ ಹೊಸ ದಾರಿಯೊಂದು ತೆರೆದಿದೆ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ಅತಿಥಿಯಾಗಿ ಬಂದಿದ್ದ ಫ್ರಾನ್ಸಿನ ಅಧ್ಯಕ್ಷ ಇಮ್ಯಾನುಯೆಲ್ ಮಾಕ್ರೋನ್ ಅವರು, 2030ರ ಹೊತ್ತಿಗೆ 30,000 ಭಾರತೀಯ ವಿದ್ಯಾರ್ಥಿಗಳು ತಮ್ಮ ದೇಶದಲ್ಲಿ ಓದುವಂತಾಗಬೇಕೆಂಬ ಗುರಿಯನ್ನು ಸಾರಿದರು. ಅದರ ಜೊತೆಗೆ ಬಂದುದು ‘ಅಂತರರಾಷ್ಟ್ರೀಯ ತರಗತಿ’ಗಳ ಯೋಜನೆ. ಫ್ರೆಂಚ್ ಸಾಕಷ್ಟು ಬಾರದ ವಿದ್ಯಾರ್ಥಿಯು ಒಂದು ವರ್ಷ ಫ್ರಾನ್ಸಿನಲ್ಲೇ ಇದ್ದು ಭಾಷೆಯನ್ನೂ ಅಲ್ಲಿಯ ಓದಿನ ಕ್ರಮವನ್ನೂ ಕಲಿತು, ಅನಂತರ ಪದವಿ ತರಗತಿಗೆ ಸೇರಬಹುದು. ನೂರು ವರ್ಷಗಳ ಹಿಂದೆ ನಾನ್ಸಿಯಲ್ಲಿ ಕೆಲವು ವಾರ ನಡೆದ ಪೂರ್ವಸಿದ್ಧತೆಯೇ ಇಲ್ಲಿ ಒಂದು ವರ್ಷವಾಗಿ ಹಿಗ್ಗಿದೆಯೆನ್ನಬಹುದು. ಆದರೆ ಒಂದು ವರ್ಷ ಹೆಚ್ಚಾದರೆ ಒಂದು ವರ್ಷದ ಖರ್ಚೂ ಹೆಚ್ಚೇ. ಮೊದಲ ಎರಡು ಮೂರು ಮೆಟ್ಟಿಲುಗಳನ್ನು ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್‌ನಂಥ ಸಂಸ್ಥೆಗಳಲ್ಲಿ ಏರಿ ಹೋದವರಿಗೆ ಆ ವರ್ಷ ಅಕ್ಷರಾಭ್ಯಾಸದಲ್ಲಿ ಕಳೆಯದೆ ಫಲ ಕೊಡುವುದು.

ಪಟ್ಟಿಗೆ ಹೊಸ ಊರು ಸೇರಿದ ಮಾತ್ರಕ್ಕೆ ಪ್ಯಾರಿಸ್ಸಿನ ಗೌರವ ಕುಂದುವುದಿಲ್ಲ. ಕಲಿಯುವವನಿಗೆ ಆಯ್ಕೆ ದೊರೆಯುತ್ತದೆ, ಅಷ್ಟೇ. ಆಯ್ಕೆಯೊಡನೆ ಅದನ್ನು ಅರಿತು ಮಾಡುವ ಹೊಣೆಯೂ ಬರುತ್ತದೆ. ಊರು ಯಾವುದಾದರೂ ಆಗಲಿ, ಮರಳಿ ಬಂದ ಮಗಳನ್ನು ‘ಎಷ್ಟು ಅಂಕ ಬಂತು?’ ಎಂದು ಕೇಳುವ ಮೊದಲು ‘ಯಾರ ಮನೆಯಲ್ಲಿ ಉಂಡೆ? ಅವರು ಏನೇನು ಹೇಳಿದರು?’ ಎಂದು ಕೇಳಿ ನೋಡಿ. ಉತ್ತರ ಬೇಗ ಮುಗಿಯದಿದ್ದರೆ ಹಾಕಿದ ಹಣ ಸಾರ್ಥಕವಾಯಿತೆಂದು ತಿಳಿಯಬಹುದು.